ಕಿವಿಯೊಳಗಿನ ನಾಲ್ಕು ಸಾಲು

ಕೇಳುಗರಿಗೆ ನಮಸ್ಕಾರ.

ನಾನು ನಮಸ್ಕಾರ ಎಂದೆ, ನಿಮಗೆ ಕೇಳಿಸಿತು. ಈ ಎರಡರ ನಡುವೆ ನಿಮ್ಮ ಕಿವಿಯೊಳಗೆ ಏನು ನಡೆಯಿತು ಎಂದು ಹೇಳುವುದಕ್ಕೇ ಇವತ್ತು ಬಂದಿದ್ದೇನೆ. ರೇಡಿಯೋದಿಂದ ಹೊರಟ ಸದ್ದು ಗಾಳಿಯನ್ನು ಅಲುಗಿಸಿತು, ಗಾಳಿ ಕಿವಿಯ ತಮಟೆಯನ್ನು ಅಲುಗಿಸಿತು, ತಮಟೆಗೆ ತಾಗಿಕೊಂಡ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಅಲುಗಾಟವನ್ನು ಒಳಗೆ ದಾಟಿಸಿದವು. ಇಷ್ಟನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಮೂರನೆಯ ಮೂಳೆಯಿಂದಾಚೆಗಿನದು ಮಾತ್ರ ಬರಿಗಣ್ಣಿಗೆ ಸಿಗುವಂಥದ್ದಲ್ಲ. ಅದನ್ನು ಕಾಣುವುದಕ್ಕೆ ಮನುಷ್ಯರಿಗೆ ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಮನುಷ್ಯದೇಹದ ಒಳಗನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದರ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದಾಗ ರಕ್ತದ ಬಗ್ಗೆ ಹೇಳಬಹುದಿತ್ತು, ಮಿದುಳಿನ ಬಗ್ಗೆ ಹೇಳಬಹುದಿತ್ತು. ವೈದ್ಯ ವಿದ್ಯಾರ್ಥಿಗಳಿಗೆ ಅಂಗಾಂಶಗಳ ಪಾಠ ಹೇಳುತ್ತ ಬಂದವಳು ನಾನು; ಈ ಎಲ್ಲವನ್ನೂ ಗಾಜಿನ ಪಟ್ಟಿಯ ಮೇಲಿಟ್ಟು ತೋರಿಸಿದ್ದೇನೆ. ಆದರೂ ಕಿವಿಯನ್ನೇ ಆರಿಸಿಕೊಂಡೆ. ನೀವು ಈಗ ಬಳಸುತ್ತಿರುವ ಅಂಗ ಅದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಅಪ್ಪ. ಅಪ್ಪನ ವಿಷಯ ಆಮೇಲೆ ಹೇಳುತ್ತೇನೆ.

ಕಿವಿಯ ಹಿಂದೆ ಬೆರಳಿಟ್ಟು ಒತ್ತಿ ನೋಡಿ, ಗಟ್ಟಿಯಾದ ಮೂಳೆ ಸಿಗುತ್ತದೆ. ಅಲ್ಲಿಂದ ತಲೆಬುರುಡೆಯ ಒಳಕ್ಕೆ ಹೋದಂತೆ ಆ ಮೂಳೆ ಇನ್ನೂ ಗಟ್ಟಿಯಾಗುತ್ತದೆ. ಅದರ ಲ್ಯಾಟಿನ್ ಹೆಸರಿನ ಅರ್ಥವೇ ಬಂಡೆಯಂಥದ್ದು ಎಂದು. ಸಾವಿರಾರು ವರ್ಷ ಹಳೆಯ ಅಸ್ಥಿಪಂಜರಗಳಿಂದ ಡಿಎನ್‌ಎ ತೆಗೆಯುವ ಸಂಶೋಧಕರು ಇಂದು ಮೊದಲು ಹುಡುಕುವುದು ಈ ಮೂಳೆಯನ್ನೇ, ಮಣ್ಣಿನ ತೇವ ಕೂಡ ಅದರೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಈ ಬಂಡೆಯ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆಯಿಂದ ಎರಡೂಮುಕ್ಕಾಲು ಸುತ್ತು ಸುತ್ತಿಕೊಂಡ ಒಂದು ಪೊಳ್ಳು ಕೊಳವೆ ಇದೆ. ಅದೇ ಕಾಕ್ಲಿಯಾ. ಇಡೀ ಚಿಪ್ಪು ಒಂದು ದಪ್ಪ ಕಡಲೆಕಾಳಿನಷ್ಟು. ಒಳಗೆ ನೀರಿನಂಥ ದ್ರವ ತುಂಬಿದೆ. ಕೊಳವೆಯ ಉದ್ದಕ್ಕೂ ಒಂದು ಪೊರೆ ಹಾಸಿಕೊಂಡಿದೆ; ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್, ಒಂದು ಬೆಂಕಿಕಡ್ಡಿಗಿಂತ ಗಿಡ್ಡ. ನಾವು ಹುಟ್ಟಿದಾಗಿನಿಂದ ಕೇಳಿದ ಮಾತು, ಹಾಡು, ಮಳೆಯ ಸದ್ದು ಎಲ್ಲವೂ ಈ ಹಾಸಿನ ಮೇಲೆ ಹಾದೇ ಬಂದದ್ದು.

ಇದರೊಳಗೆ ಇಣುಕುವುದು ಕಷ್ಟ. ಮೇಲಿರುವುದು ಕಲ್ಲಿನಂಥ ಮೂಳೆ, ಒಳಗಿರುವುದು ಬೆಣ್ಣೆಯಂಥ ಅಂಗ. ಮೂಳೆಯನ್ನು ಒಡೆಯಹೊರಟರೆ ಒಳಗಿನದು ಚೂರಾಗುತ್ತದೆ. ಕಾಯುತ್ತ ಕೂತರೆ, ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ಅದು ಕರಗತೊಡಗುತ್ತದೆ. ಈ ಕಷ್ಟವನ್ನು ದಾಟಿ ಮೊದಲು ಒಳಗನ್ನು ಸರಿಯಾಗಿ ಕಂಡವರು ಇಟಲಿಯ ಅಲ್ಫೋನ್ಸೋ ಕಾರ್ಟಿ. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿ 1851ರಲ್ಲಿ ತಮ್ಮ ಬರಹವನ್ನು ಪ್ರಕಟಿಸಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಅವರು ಕಂಡ ಭಾಗವನ್ನು ಇಂದಿಗೂ ಕಾರ್ಟಿಯ ಅಂಗ ಎಂದೇ ಕರೆಯುತ್ತಾರೆ.

ಕಾರ್ಟಿ ಮಾಡಿದ ಒಂದು ಕೆಲಸವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ದೇಹದ ಜೀವಕೋಶಗಳಿಗೆ ಹೆಚ್ಚುಕಡಿಮೆ ಬಣ್ಣವೇ ಇಲ್ಲ. ಎಷ್ಟೇ ಒಳ್ಳೆಯ ಮಸೂರವಿಟ್ಟು ನೋಡಿದರೂ ನೀರೊಳಗಿನ ಗಾಜಿನ ಚೂರುಗಳಂತೆ ಒಂದರೊಳಗೊಂದು ಕರಗಿ ಕಾಣುತ್ತವೆ. ಕಾರ್ಟಿ ಕಿವಿಯ ಆ ತುಣುಕುಗಳಿಗೆ ಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿದರು. ಅಂಗಾಂಶಕ್ಕೆ ಬಣ್ಣ ಕಟ್ಟಿ ನೋಡಿದ ಮೊದಮೊದಲಿಗರಲ್ಲಿ ಅವರೂ ಒಬ್ಬರು. ಆ ಕೆಂಪು ಬರುವುದು ಒಂದು ಹುಳುವಿನಿಂದ. ನಮ್ಮ ಬಯಲುಸೀಮೆಯವರು ಪಾಪಾಸುಕಳ್ಳಿ ಎನ್ನುತ್ತಾರಲ್ಲ, ಆ ಜಾತಿಯ ಕಳ್ಳಿಯ ಮೇಲೆ ಬೆಳೆಯುವ ಹುಳು ಅದು. ಕಳ್ಳಿಯ ಹುಳುವನ್ನು ಒಣಗಿಸಿ ಅರೆದು ತೆಗೆದ ಬಣ್ಣವೇ ಮನುಷ್ಯನ ಕಿವಿಯ ಒಳಗನ್ನು ಮನುಷ್ಯನಿಗೆ ತೋರಿಸಿತು. ಕಾಣುವುದಕ್ಕೆ ಮಸೂರ ಎಷ್ಟು ಬೇಕೋ ಕಾಣಿಸುವ ಹಾಗೆ ಸಿದ್ಧಮಾಡುವ ಕೈಯೂ ಅಷ್ಟೇ ಬೇಕು. ಪ್ರಯೋಗಶಾಲೆಯ ತಂತ್ರಜ್ಞರು, ಮೂಳೆಯನ್ನು ವಾರಗಟ್ಟಲೆ ಆಮ್ಲದಲ್ಲಿಟ್ಟು ಮೆದುಮಾಡಿ, ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಸಾವಿರದಲ್ಲಿ ಐದಾರು ಭಾಗದಷ್ಟು ತೆಳ್ಳಗೆ ಹೆರೆಯುವವರು, ಅವರಿಲ್ಲದೆ ನನ್ನಂಥವರಿಗೆ ಪಾಠವೇ ಇಲ್ಲ.

ಹಾಗೆ ಹೆರೆದ ಒಂದು ಸೀಳನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಟ್ಟರೆ ಪೊರೆಯ ಮೇಲೆ ನಾಲ್ಕು ಮುಖ್ಯ ಕೋಶಗಳು ಕಾಣುತ್ತವೆ. ಒಳಬದಿಯಲ್ಲಿ ಒಂದು, ಹೊರಬದಿಯಲ್ಲಿ ಮೂರು. ಇವುಗಳ ತಲೆಯ ಮೇಲೆ ಸಣ್ಣ ಕೂದಲಿನಂಥ ಎಳೆಗಳಿರುವುದರಿಂದ ರೋಮಕೋಶಗಳು ಎಂಬ ಹೆಸರು. ನಾಲ್ಕೇ ಕೋಶ ಎಂದು ನನ್ನ ವಿದ್ಯಾರ್ಥಿಗಳು ಬರೆದುಕೊಳ್ಳಲು ಹೊರಡುತ್ತಾರೆ. ತೆಂಗಿನ ತೋಟವನ್ನು ಅಡ್ಡಕ್ಕೆ ಸೀಳಿ ನೋಡಿದವನಿಗೆ ನಾಲ್ಕೇ ಮರ ಕಾಣುತ್ತದೆ. ತೋಟ ನಾಲ್ಕು ಸಾಲಿನದು ಎಂದು ತಿಳಿಯಬೇಕಾದರೆ ಮೇಲಿನಿಂದ ನೋಡಬೇಕು.

ಮೇಲಿನಿಂದ ನೋಡಿ ಆ ಎಳೆಗಳನ್ನು ಬಿಡಿಬಿಡಿಯಾಗಿ ಕಾಣುವುದಕ್ಕೆ ಬೆಳಕು ಸಾಲದು. ಬೆಳಕು ಒಂದು ಅಲೆ. ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಭಾಗಕ್ಕಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಸಾಮಾನ್ಯ ಮಸೂರ ಎರಡಾಗಿ ತೋರಿಸಲಾರದು ಎಂಬ ಲೆಕ್ಕವನ್ನು ಜರ್ಮನಿಯ ಎರ್ನ್ಸ್ಟ್ ಅಬ್ಬೆ 1873ರಲ್ಲೇ ಕೊಟ್ಟಿದ್ದರು. ರೋಮಕೋಶದ ಒಂದೊಂದು ಎಳೆಯ ದಪ್ಪವೂ ಹತ್ತಿರಹತ್ತಿರ ಅಷ್ಟೇ. ಅಂದರೆ ನೋಡಬೇಕಾದ ವಸ್ತು ಬೆಳಕಿನ ಗಡಿಯ ಮೇಲೆಯೇ ಕೂತಿತ್ತು. 1931ರಲ್ಲಿ ಬರ್ಲಿನ್ನಿನಲ್ಲಿ ಎರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನ್‌ಗಳನ್ನು ಬಳಸುವ ದಾರಿ ತೆಗೆದರು. 1965ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಕಂಪನಿಯೊಂದು ಮತ್ತೊಂದು ಬಗೆಯ ಉಪಕರಣವನ್ನು ಮಾರಾಟಕ್ಕೆ ತಂದಿತು. ಇದರಲ್ಲಿ ಎಲೆಕ್ಟ್ರಾನ್‌ಗಳ ಸಣ್ಣ ಕಿರಣ ವಸ್ತುವಿನ ಮೇಲ್ಮೈಯನ್ನು ಸಾಲುಸಾಲಾಗಿ ಸವರಿಕೊಂಡು ಹೋಗುತ್ತದೆ, ಉಬ್ಬುತಗ್ಗುಗಳ ಸಮೇತ ಚಿತ್ರ ಮೂಡುತ್ತದೆ. ಉಪಕರಣದ ಒಳಗೆ ಗಾಳಿ ಇರಕೂಡದು, ವಸ್ತುವಿನಲ್ಲಿ ಹನಿ ನೀರೂ ಇರಕೂಡದು. ಹಾಗಾಗಿ ಅಂಗಾಂಶವನ್ನು ಕುಗ್ಗದಂತೆ ಒಣಗಿಸಿ ಅದರ ಮೇಲೆ ಚಿನ್ನದ ಅತಿ ತೆಳು ಲೇಪ ಕೊಡುತ್ತಾರೆ. ಪುಸ್ತಕಗಳಲ್ಲಿ ಹಸಿರು, ನೇರಳೆ, ಕಿತ್ತಳೆ ಬಣ್ಣದ ಎಲೆಕ್ಟ್ರಾನ್ ಚಿತ್ರಗಳನ್ನು ನೋಡಿರುತ್ತೀರಿ. ಆ ಬಣ್ಣಗಳು ಆಮೇಲೆ ತುಂಬಿದವು. ಉಪಕರಣ ಕೊಡುವುದು ಬೂದುಬಣ್ಣದ ಚಿತ್ರ ಮಾತ್ರ, ನನಗೆ ಅದೇ ಹೆಚ್ಚು ಇಷ್ಟ.

ಕಾರ್ಟಿಯ ಅಂಗದ ಅಂಥ ಚಿತ್ರವನ್ನು ಮೊದಲ ಸಲ ನೋಡಿದ ದಿನ ನಾನು ಬಹಳ ಹೊತ್ತು ಎದ್ದಿರಲಿಲ್ಲ. ನಿಮಗೆ ಅದನ್ನು ಮಾತಿನಲ್ಲೇ ಕೊಡಬೇಕು. ಹಗ್ಗ ಹಿಡಿದು ನಾಟಿ ಮಾಡಿದ ಗದ್ದೆಯನ್ನು ನೆನೆಸಿಕೊಳ್ಳಿ. ಬದುವಿನ ಈಚೆ ಒಂದು ಸಾಲು, ಆಚೆ ಮೂರು ಸಾಲು. ಈಚೆಯ ಸಾಲಿನಲ್ಲಿ ಸುಮಾರು 3,500 ಕೋಶಗಳು, ಆಚೆಯ ಮೂರರಲ್ಲಿ ಸುಮಾರು 12,000. ಆಚೆಯ ಒಂದೊಂದು ಕೋಶದ ನೆತ್ತಿಯ ಮೇಲೂ ಎಳೆಗಳು ಇಂಗ್ಲಿಷಿನ ವಿ ಅಥವಾ ಡಬ್ಲ್ಯು ಅಕ್ಷರದ ಆಕಾರದಲ್ಲಿ ನಿಂತಿವೆ. ಹತ್ತಿರ ಹೋದರೆ ಎಳೆಗಳ ಎತ್ತರ ಒಂದೇ ಅಲ್ಲ. ಹಿಂದಿನವು ಎತ್ತರ, ಮುಂದಿನವು ಗಿಡ್ಡ, ದಸರೆಯಲ್ಲಿ ಗೊಂಬೆ ಕೂರಿಸುವುದಕ್ಕೆ ಇಡುತ್ತೇವಲ್ಲ, ಆ ಮೆಟ್ಟಿಲಿನ ಹಾಗೆ. ಮೊದಲ ಕೋಶದಿಂದ ಕೊನೆಯ ಕೋಶದವರೆಗೆ ಮೆಟ್ಟಿಲುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿವೆ. ಯಾರೂ ಕಾಣದ ಜಾಗದಲ್ಲಿ, ಕಲ್ಲಿನ ಒಳಗೆ, ಕತ್ತಲೆಯಲ್ಲಿ, ಇಷ್ಟು ಅಚ್ಚುಕಟ್ಟು.

ಈ ಮೆಟ್ಟಿಲು ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1984ರಲ್ಲಿ. ಬ್ರಿಟನ್ನಿನ ಪಿಕಲ್ಸ್, ಕಾಮಿಸ್, ಆಸ್ಬರ್ನ್ ಎಂಬ ಮೂವರು ಗಿನಿಪಿಗ್‌ನ ಕಿವಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇನ್ನಷ್ಟು ದೊಡ್ಡದು ಮಾಡಿ ನೋಡುತ್ತಿದ್ದರು. ಪ್ರತಿ ಗಿಡ್ಡ ಎಳೆಯ ತುದಿಯಿಂದ ಹಿಂದಿನ ಎತ್ತರದ ಎಳೆಯ ಮೈಗೆ ಒಂದು ನವಿರಾದ ದಾರ ಕಟ್ಟಿತ್ತು. ಸದ್ದು ಬಂದಾಗ ಎಳೆಗಳ ಕಟ್ಟು ಎತ್ತರದ ಕಡೆಗೆ ಬಾಗುತ್ತದೆ, ದಾರ ಬಿಗಿಯುತ್ತದೆ, ಆ ಎಳೆತಕ್ಕೆ ಎಳೆಯ ತುದಿಯಲ್ಲಿರುವ ಬಾಗಿಲಿನಂಥ ರಂಧ್ರ ತೆರೆದು ಸುತ್ತಲಿನ ದ್ರವದಿಂದ ಪೊಟ್ಯಾಸಿಯಮ್ ಒಳನುಗ್ಗುತ್ತದೆ. ಅಲ್ಲಿಗೆ ಸದ್ದು ವಿದ್ಯುತ್ತಾಯಿತು, ನರಕ್ಕೆ ಸುದ್ದಿ ಹೋಯಿತು. ನಮಗೆ ಕೇಳಿಸುವ ಅತಿ ಮೆಲುಸದ್ದಿಗೆ ಎಳೆಗಳ ತುದಿ ಸರಿಯುವ ದೂರ ಒಂದು ನ್ಯಾನೋಮೀಟರಿಗಿಂತ ಕಡಿಮೆ, ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೂ ಇಲ್ಲ. ಆ ದಾರ ಎರಡು ಪ್ರೋಟೀನುಗಳ ಹೆಣಿಗೆ ಎಂದು 2007ರಲ್ಲಿ ಖಚಿತವಾಯಿತು. ಅವುಗಳ ಜೀನ್‌ಗಳಲ್ಲಿ ದೋಷವಿದ್ದರೆ ಮಗು ಕಿವುಡಾಗಿಯೇ ಹುಟ್ಟಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಿವಿ ಬಹುಮಟ್ಟಿಗೆ ಸತ್ತ ಕಿವಿ. ಅದರಿಂದ ನಾವು ದಾರಿತಪ್ಪಿದ್ದೂ ಉಂಟು. ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಗೆಯೋರ್ಗ್ ಫಾನ್ ಬೇಕೆಶಿ ಎಂಬ ವಿಜ್ಞಾನಿ ಶವಗಳ ಕಿವಿಮೂಳೆಯನ್ನು ನೀರೊಳಗಿಟ್ಟು ಕೊರೆದು, ಒಳಗಿನ ಪೊರೆಯ ಮೇಲೆ ಬೆಳ್ಳಿಯ ಕಣಗಳನ್ನು ಉದುರಿಸಿ, ಮಿಟುಕುವ ಬೆಳಕಿನಲ್ಲಿ ಸೂಕ್ಷ್ಮದರ್ಶಕದಿಂದ ನೋಡಿದರು. ಸದ್ದು ಕೊಟ್ಟಾಗ ಪೊರೆಯ ಮೇಲೆ ಅಲೆಯೊಂದು ಓಡಿತು. ಕೀಚಲು ಸ್ವರಕ್ಕೆ ಅದು ಚಿಪ್ಪಿನ ಬಾಗಿಲ ಹತ್ತಿರವೇ ಉಬ್ಬಿ ಇಳಿಯಿತು, ಮಂದ್ರ ಸ್ವರಕ್ಕೆ ತುದಿಯವರೆಗೂ ಹೋಗಿ ಉಬ್ಬಿತು. ಒಂದೊಂದು ಸ್ವರಕ್ಕೆ ಒಂದೊಂದು ಜಾಗ. ಇದಕ್ಕಾಗಿ 1961ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಆ ಅಲೆ ಕಣ್ಣಿಗೆ ಕಾಣಬೇಕಾದರೆ, ಬದುಕಿದ್ದವರು ತಾಳಲಾರದಷ್ಟು ದೊಡ್ಡ ಸದ್ದು ಕೊಡಬೇಕಾಗಿತ್ತು. ಅಲೆಯ ಉಬ್ಬೂ ಬಹಳ ಅಗಲವಾಗಿತ್ತು. ಅಷ್ಟು ಮೊದ್ದಾದ ಅಲೆಯಿಂದ ಸಂಗೀತಗಾರರ ಕಿವಿ ಎರಡು ಶ್ರುತಿಗಳ ನಡುವಿನ ಕೂದಲೆಳೆಯ ವ್ಯತ್ಯಾಸವನ್ನು ಹೇಗೆ ಹಿಡಿಯುತ್ತದೆ?

ಬದುಕಿರುವ ಕಿವಿಯಲ್ಲಿ ಮತ್ತೇನೋ ನಡೆಯುತ್ತಿರಬೇಕು ಎಂಬುದಕ್ಕೆ ದೊಡ್ಡ ಸುಳಿವು ಕೊಟ್ಟವರು ಲಂಡನ್ನಿನ ಡೇವಿಡ್ ಕೆಂಪ್. ಕಿವಿಯೇ ಸದ್ದು ಮಾಡುತ್ತದೆ ಎಂದು ಅವರು 1978ರಲ್ಲಿ ತೋರಿಸಿದರು. ಕಿವಿಯೊಳಕ್ಕೆ ಒಂದು ಟಿಕ್ ಸದ್ದು ಬಿಟ್ಟರೆ, ಕ್ಷಣದ ನಂತರ ಕಿವಿಯಿಂದ ಅತಿ ಮೆಲುವಾದ ಸದ್ದು ಹೊರಬರುತ್ತದೆ. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು ಜೀವಂತ ಹೊರಸಾಲಿನ ಕೋಶವೊಂದನ್ನು ಬಿಡಿಸಿಕೊಂಡು ವಿದ್ಯುತ್ ಕೊಟ್ಟು ನೋಡಿದರೆ ಅದು ಕುಗ್ಗಿತು, ಹಿಗ್ಗಿತು. ಬ್ರಿಟನ್ನಿನ ಜೊನಾಥನ್ ಆಶ್‌ಮೋರ್ ಅಂಥದೊಂದು ಕೋಶಕ್ಕೆ ಹಾಡಿನ ವಿದ್ಯುತ್ ಸಂಕೇತವನ್ನೇ ಕೊಟ್ಟು, ಅದು ತಾಳಕ್ಕೆ ತಕ್ಕಂತೆ ಕುಣಿಯುವುದನ್ನು ಚಿತ್ರೀಕರಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಕೋಶ, ಹಾಡಿಗೆ ಮೈ ಕುಲುಕುತ್ತಿದೆ. ಆ ಚಿತ್ರವನ್ನು ನೋಡಿ ಕಣ್ಣು ಒದ್ದೆಯಾದದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊರಗಿನ ಮೂರು ಸಾಲು ಕೇಳುವುದಕ್ಕಾಗಿ ಇರುವುದಲ್ಲ, ಅಲೆಗೆ ಜೀಕು ಕೊಡುವುದಕ್ಕೆ. ಉಯ್ಯಾಲೆಯನ್ನು ಸರಿಯಾದ ಕ್ಷಣದಲ್ಲಿ ತಳ್ಳಿದಂತೆ ಅವು ಸಣ್ಣ ಸದ್ದನ್ನು ದೊಡ್ಡದು ಮಾಡಿ, ಅಗಲವಾದ ಅಲೆಯನ್ನು ಚೂಪು ಮಾಡಿ ಒಳಗಿನ ಒಂದು ಸಾಲಿಗೆ ಒಪ್ಪಿಸುತ್ತವೆ. ಮಿದುಳಿಗೆ ಸುದ್ದಿ ಒಯ್ಯುವ ನರದ ಎಳೆಗಳಲ್ಲಿ ಬಹುಪಾಲು ಹೊರಡುವುದು ಆ ಒಂದು ಸಾಲಿನಿಂದಲೇ.

ಕೆಂಪ್ ಕಂಡ ಆ ಮೆಲುಸದ್ದು ಇಂದು ಆಸ್ಪತ್ರೆಗಳಲ್ಲಿ ಹಸುಗೂಸುಗಳ ಪಾಲಿಗೆ ದೊಡ್ಡ ಉಪಕಾರ ಮಾಡುತ್ತಿದೆ. ಮಗು ಮಲಗಿದ್ದಾಗ ಕಿವಿಗೆ ಸಣ್ಣ ಬಿರಡೆಯಂಥ ಸಾಧನ ಇಟ್ಟು, ಹೊರಸಾಲಿನ ಕೋಶಗಳು ಮಾರುತ್ತರ ಕೊಡುತ್ತವೆಯೇ ಎಂದು ನಿಮಿಷಗಳಲ್ಲಿ ತಿಳಿಯಬಹುದು. ಮನೆಯಲ್ಲಿ ಕೂಸು ಹುಟ್ಟಿದ್ದರೆ ಈ ಪರೀಕ್ಷೆಯನ್ನು ಕೇಳಿ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.

ಈಗ ಅಪ್ಪನ ವಿಷಯ. ಅಪ್ಪ ಊರಿನಲ್ಲಿ ರಾಗಿ ಮಿಲ್ಲು ಇಟ್ಟಿದ್ದರು. ಮೂವತ್ತು ವರ್ಷ, ದಿನಕ್ಕೆ ಎಂಟು ಹತ್ತು ಗಂಟೆ, ಕಲ್ಲು ತಿರುಗುವ ಸದ್ದು, ಬೆಲ್ಟಿನ ಸದ್ದು, ಮೋಟರಿನ ಸದ್ದು. ರಾಗಿ ತಂದವರು ಎಷ್ಟು ಸೇರು ಎಂದು ಕೂಗಿಯೇ ಹೇಳುತ್ತಿದ್ದರು. ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತವರಿಗೂ ಕೂಗಿ ಹೇಳಬೇಕಾದರೆ ಸದ್ದು ಸುಮಾರು 85 ಡೆಸಿಬೆಲ್ ಮುಟ್ಟಿದೆ ಎಂದು ಲೆಕ್ಕ. ಆ ಮಟ್ಟದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು. ಅದರ ಮೇಲೆ ಮೂರು ಡೆಸಿಬೆಲ್ ಏರಿದಾಗಲೆಲ್ಲ ಇರಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಕಾಲು ಗಂಟೆ. ಇದು ಅಪ್ಪನಿಗೂ ಗೊತ್ತಿರಲಿಲ್ಲ, ಅವರ ಸಂಪಾದನೆಯಲ್ಲಿ ಓದುತ್ತಿದ್ದ ನನಗೂ ಗೊತ್ತಿರಲಿಲ್ಲ.

ಐವತ್ತು ದಾಟುವ ಹೊತ್ತಿಗೆ ಅಪ್ಪ ರೇಡಿಯೋದ ಕಿವಿ ತಿರುವಿ ಸದ್ದು ಜಾಸ್ತಿ ಮಾಡತೊಡಗಿದರು. ಆಮೇಲೆ ಅವರು ಹೇಳುತ್ತಿದ್ದ ಮಾತು, ಸದ್ದು ಬರುತ್ತೆ, ಮಾತು ಬರಲ್ಲ. ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು, ಏನು ಎಂದು ತಿಳಿಯುತ್ತಿರಲಿಲ್ಲ. ಅದಕ್ಕೆ ಕಾರಣ ಆ ನಾಲ್ಕು ಸಾಲುಗಳಲ್ಲೇ ಇದೆ. ದೊಡ್ಡ ಸದ್ದಿನ ಹೊಡೆತ ಮೊದಲು ಬೀಳುವುದು ಚಿಪ್ಪಿನ ಬಾಗಿಲ ಕಡೆಯ ಹೊರಸಾಲಿನ ಮೇಲೆ. ಅಲ್ಲೇ ಎತ್ತರದ ಸ್ವರಗಳ ಜಾಗ. ನಮ್ಮ ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಸ್ಥಾಯಿಯಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಮೇಲೆ. ಬಾಗಿಲ ಬಳಿಯ ಕೋಶಗಳು ಹೋದರೆ ಕಾಲು, ಸಾಲು, ಪಾಲು, ಹಾಲು ನಾಲ್ಕೂ ಒಂದೇ ಆಗಿಬಿಡುತ್ತವೆ. ಅಮ್ಮ ಹಾಲು ಬೇಕಾ ಎಂದರೆ ಅಪ್ಪ ಸಾಲದ ವಿಷಯ ಎಂದುಕೊಂಡು ಮುಖ ಬಿಗಿದುಕೊಳ್ಳುತ್ತಿದ್ದರು. ನಾವು ಅವರಿಗೆ ಕೋಪ ಹೆಚ್ಚಾಯಿತು ಎಂದುಕೊಂಡೆವು.

ಹಾನಿಯಾದ ಕಿವಿಯ ಎಲೆಕ್ಟ್ರಾನ್ ಚಿತ್ರವನ್ನು ನೋಡಿದರೆ ಅದೇ ಗದ್ದೆ, ಬಿರುಮಳೆಗೆ ಪೈರು ಮಲಗಿದೆ. ಕೆಲವು ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಾಗಿವೆ. ಕೆಲವೆಡೆ ಕೋಶವೇ ಇಲ್ಲ, ಅಕ್ಕಪಕ್ಕದ ಆಧಾರ ಕೋಶಗಳು ಸೇರಿ ಆ ಜಾಗವನ್ನು ಮುಚ್ಚಿಬಿಟ್ಟಿವೆ. ಮನುಷ್ಯರಲ್ಲಿ ರೋಮಕೋಶಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಆಗಿ ಮುಗಿಯುತ್ತವೆ, ಹೋದರೆ ಮತ್ತೆ ಬರುವುದಿಲ್ಲ. ಎಳೆಗಳ ನಡುವಿನ ದಾರ ಕಡಿದರೆ ಮತ್ತೆ ಕಟ್ಟಿಕೊಳ್ಳಬಲ್ಲದು ಎಂಬುದನ್ನು ಕೋಳಿಮರಿಯ ಕೋಶಗಳಲ್ಲಿ ಕಂಡಿದ್ದಾರೆ. ಕೋಳಿಗೆ ಇನ್ನೂ ದೊಡ್ಡ ವರವಿದೆ. ಭಾರಿ ಸದ್ದಿನಿಂದ ಕೆಟ್ಟ ಕೋಳಿಮರಿಯ ಕಿವಿಯನ್ನು ದಿನಗಳ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಖಾಲಿ ಜಾಗದಲ್ಲಿ ಹೊಸ ಕೋಶಗಳು ತಲೆಯೆತ್ತಿದ್ದವು. ಹಕ್ಕಿಗಳ ಕಿವಿಯಲ್ಲಿ ಹೀಗೆ ಬರುವವು ಹೊಸದಾಗಿ ಹುಟ್ಟಿದ ಕೋಶಗಳೇ ಎಂದು 1988ರಲ್ಲಿ ಅಮೆರಿಕದ ಎರಡು ತಂಡಗಳು ರುಜುವಾತು ಮಾಡಿದವು. ಹಕ್ಕಿಗಳಿಗಿರುವ ಈ ಶಕ್ತಿಯನ್ನು ನಮ್ಮ ಕಿವಿಯ ಆಧಾರ ಕೋಶಗಳಲ್ಲಿ ಎಬ್ಬಿಸಬಹುದೇ ಎಂದು ಅಂದಿನಿಂದ ಪ್ರಯತ್ನ ನಡೆದಿದೆ. ಅಲ್ಲಿಯವರೆಗೆ, ಒಳಸಾಲೂ ಹೋದವರಿಗೆ ಕಾಕ್ಲಿಯಾದೊಳಗೆ ತಂತಿ ಇಳಿಸಿ ನರವನ್ನೇ ನೇರವಾಗಿ ಮುಟ್ಟುವ ಸಾಧನವಿದೆ. 3,500 ಕೋಶಗಳ ಕೆಲಸವನ್ನು ಅದರ ಹನ್ನೆರಡರಿಂದ ಇಪ್ಪತ್ತೆರಡು ವಿದ್ಯುತ್ ಬಿಂದುಗಳು ಮಾಡಬೇಕು. ಮಾಡುತ್ತವೆ ಎಂಬುದೇ ಮಿದುಳಿನ ದೊಡ್ಡತನ.

ಸದ್ದಷ್ಟೇ ಅಲ್ಲ, ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಕೆಲವು ಚುಚ್ಚುಮದ್ದುಗಳೂ ಇದೇ ಕೋಶಗಳನ್ನು ಇದೇ ಕ್ರಮದಲ್ಲಿ ಕೊಲ್ಲಬಲ್ಲವು. ಪ್ರಾಣ ಉಳಿಸಲು ಅವು ಬೇಕಾಗುತ್ತವೆ, ಬೇಡ ಎನ್ನಬೇಡಿ. ಆದರೆ ಚಿಕಿತ್ಸೆಯ ನಡುವೆ ಕಿವಿಯಲ್ಲಿ ಗುಂಯ್ ಎನ್ನತೊಡಗಿದರೆ ಆ ದಿನವೇ ವೈದ್ಯರಿಗೆ ತಿಳಿಸಿ.

ಕೆಲಸಕ್ಕೆ ಸೇರಿದ ಮೇಲೆ ಒಂದು ಸಲ ಅಪ್ಪನನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ಪ್ರಯೋಗಶಾಲೆಯಲ್ಲಿ ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ಕಾಕ್ಲಿಯಾದ ಸ್ಲೈಡ್ ಇಟ್ಟು, ನಾಲ್ಕು ಕೋಶಗಳು ಕಾಣುವ ಹಾಗೆ ಹೊಂದಿಸಿಕೊಟ್ಟೆ. ಕನ್ನಡಕ ತೆಗೆದು, ರಾಗಿ ಹಿಟ್ಟಿನ ನುಣುಪು ನೋಡುವಾಗ ಬಗ್ಗುತ್ತಿದ್ದ ಹಾಗೆ ಬಗ್ಗಿ, ಅವರು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ, "ಇದು ಯಾರ್ದವ್ವ?" ಎಂದರು.

ಅದು ನನಗೆ ಗೊತ್ತಿರಲಿಲ್ಲ. ಸ್ಲೈಡಿನ ಮೇಲೆ ಒಂದು ಸಂಖ್ಯೆ ಇತ್ತು, ಅಷ್ಟೇ. ಅವರ ಬಲಗಿವಿಯ ಹತ್ತಿರ ಬಾಯಿಟ್ಟು, ನಿಧಾನವಾಗಿ, ಹೆಸರು ಗೊತ್ತಿಲ್ಲಪ್ಪ, ದೇಹ ಕೊಟ್ಟವರದ್ದು ಎಂದೆ.

ಅಪ್ಪ ಮತ್ತೆ ಬಗ್ಗಿ ನೋಡಿದರು. "ಏನೇನ್ ಕೇಳಿಸ್ಕೊಂಡಿದ್ನೋ ಪುಣ್ಯಾತ್ಮ" ಎಂದರು.